ನಾಲ್ಕು ಬರೆಯದ ಕೈ

ಹೊಸದಾಗಿ ಸೇರಿದವರಿಗೆ ಪಾಠ ಹೇಳುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದವರು ಯಾರೋ, ಅವರಿಗೆ ಒಳ್ಳೆಯದಾಗಲಿ. ಇಪ್ಪತ್ತೊಂಬತ್ತು ವರ್ಷದಿಂದ ತೈನಾನಿನ ಈ ಸಾಗಣೆ ಕಂಪನಿಯಲ್ಲಿ ಇದ್ದೇನೆ. ಹೂವು, ಹಣ್ಣು, ಮೀನು ಎಲ್ಲವನ್ನೂ ಹತ್ತಾರು ದೇಶಕ್ಕೆ ಕಳಿಸಿದ್ದೇನೆ. ಯಾವ ದೇಶದವರ ಹತ್ತಿರ ಹೇಗೆ ನಡೆದುಕೊಳ್ಳಬೇಕು ಎಂದು ಹೇಳಲು ಈ ಕೋ ಬೀ-ಹುವಾಳನ್ನು ಬಿಟ್ಟರೆ ಇನ್ನು ಯಾರಿದ್ದಾರೆ ಎಂದು ಮೇಲಿನವರು ತೀರ್ಮಾನಿಸಿದ್ದರು. ಆ ಬುಧವಾರ ಮಧ್ಯಾಹ್ನ ಹನ್ನೊಂದು ಮಂದಿ ನನ್ನೆದುರು ನೋಟ್‌ಬುಕ್ ಬಿಚ್ಚಿಕೊಂಡು ಕೂತಿದ್ದರು. ನಾನೂ ಚೆನ್ನಾಗಿಯೇ ಕೊಚ್ಚಿಕೊಂಡೆ.

"ಜಪಾನಲ್ಲಿ ಹತ್ತು ಗಂಟೆಗೆ ಲಾರಿ ಬರುತ್ತೆ ಅಂದಿದ್ರೆ, ಒಂಬತ್ತು ಐವತ್ತಕ್ಕೆ ಗೇಟಿನ ಹೊರಗೆ ಎಂಜಿನ್ ಆರಿಸಿ ನಿಂತಿರ್ಬೇಕು. ಹತ್ತಕ್ಕೆ ಸರಿಯಾಗಿ ಒಳಗೆ ಹೋಗ್ಬೇಕು, ಹೋಗಿ ಕ್ಷಮೆ ಕೇಳ್ಬೇಕು. ಯಾಕೆ ಅಂತ ನನ್ನನ್ನ ಕೇಳ್ಬೇಡಿ. ಕೊರಿಯಾದೋರಿಗೆ ಮೇಲ್ ಕಳಿಸಿ ಕಾಯ್ತಾ ಕೂತ್ರೆ ಮುದುಕರಾಗ್ತೀರಿ. ಫೋನ್ ಮಾಡಿ, ಎತ್ತಲಿಲ್ವಾ, ಮತ್ತೆ ಮಾಡಿ. ವಿಯೆಟ್ನಾಮಲ್ಲಿ ಮೊದಲು ಟೀ ಕುಡೀರಿ, ಮಕ್ಕಳು ಏನು ಓದ್ತಿದಾರೆ ಅಂತ ವಿಚಾರಿಸಿ. ಕಂಟೇನರ್ ಮಾತೆಲ್ಲ ಮೂರನೇ ಲೋಟದ ಮೇಲೆ."

ಎಲ್ಲರೂ ನಕ್ಕರು. ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು, "ಹಾಲೆಂಡಿನೋರ ಹತ್ರ ಹೇಗೆ ಮೇಡಂ?"

"ಅವರಿಗೆ ನಿಮ್ಮ ಟೀನೂ ಬೇಡ, ನಿಮ್ಮ ಕ್ಷಮೇನೂ ಬೇಡ. ತಪ್ಪಾಯ್ತಾ? ಯಾರು ಮಾಡಿದ್ರು, ಯಾಕೆ ಮಾಡಿದ್ರು, ಇನ್ಮೇಲೆ ಏನು ಮಾಡ್ತೀರಿ. ಮೂರು ಸಾಲು. ಅದಕ್ಕಿಂತ ಒಂದಕ್ಷರ ಜಾಸ್ತಿ ಬರೆದ್ರೆ ಅನುಮಾನ ಪಡ್ತಾರೆ. ನಮ್ಮ ಹಾಗೆ ಸುತ್ತಿ ಬಳಸಿ ಮಾತಾಡೋದು, ಮಾನ ಉಳಿಸೋದು, ಅದೆಲ್ಲ ಅಲ್ಲಿ ನಡೆಯಲ್ಲ."

ಆ ಹುಡುಗಿ ಅದನ್ನು ಅಚ್ಚುಕಟ್ಟಾಗಿ ಬರೆದುಕೊಂಡಳು. ನನ್ನ ಫೋನು ಹೊಡೆದುಕೊಂಡದ್ದು ಆಗಲೇ. ಯೋರಿಸ್. ಹಾಲೆಂಡಿನ ವಿಮಾನ ನಿಲ್ದಾಣದಲ್ಲಿ ನಮ್ಮ ಸಾಮಾನು ಬಿಡಿಸಿಕೊಡುವ ಏಜೆಂಟ್. ಹನ್ನೆರಡು ವರ್ಷದಿಂದ ದಿನವೂ ಮಾತಾಡುತ್ತೇವೆ, ಇಲ್ಲಿಯವರೆಗೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಅಲ್ಲಿ ಬೆಳಗಿನ ಒಂಬತ್ತು ಗಂಟೆ. ಅವನು ಕಚೇರಿಗೆ ಬಂದ ಕೂಡಲೇ ಫೋನು ಮಾಡುವವನಲ್ಲ, ಮೊದಲು ಕಾಫಿ ಕುಡಿಯುತ್ತಾನೆ. ನಾನು ತರಗತಿ ಬಿಟ್ಟು ಹೊರಗೆ ಬಂದೆ.

"ಬೀ, ತೂ ಅವರ ಹೂವು ತಡೆ ಹಿಡಿದಿದಾರೆ."

ತೂ ಜಿನ್-ಫಾ ನಮ್ಮ ಊರಿನಿಂದ ಮುಕ್ಕಾಲು ಗಂಟೆ ದೂರದ ಹೋಬಿಯಲ್ಲಿ ಆರ್ಕಿಡ್ ಬೆಳೆಯುವವರು. ಅರವತ್ತೊಂದು ವರ್ಷ. ಹನ್ನೊಂದು ವರ್ಷ ತಳಿ ಕೂಡಿಸಿ ಕೂಡಿಸಿ ಒಂದು ಹಳದಿ ಹೂವನ್ನು ಮಾಡಿದ್ದರು. ಬೆಣ್ಣೆಯಂಥ ಹಳದಿ, ನಡುವೆ ಕಡುಗೆಂಪು ನಾಲಿಗೆ, ಅರಳಿದರೆ ಎರಡು ತಿಂಗಳು ಬಾಡುವುದಿಲ್ಲ. ಹಾಲೆಂಡಿನ ಒಬ್ಬ ದೊಡ್ಡ ವ್ಯಾಪಾರಿ ಆ ವರ್ಷ ತನ್ನ ಪಟ್ಟಿಗೆ ಒಂದೇ ಒಂದು ಹೊಸ ಹಳದಿಯನ್ನು ಸೇರಿಸುವುದಾಗಿ ಹೇಳಿದ್ದ. ಎರಡು ಹೂವು ಕೊನೆಯವರೆಗೆ ಉಳಿದಿದ್ದವು, ಒಂದು ತೂ ಅವರದು, ಇನ್ನೊಂದು ಬೇರೆ ಯಾವುದೋ ದೇಶದ್ದು. ಮೊಗ್ಗು ಕಟ್ಟಿದ ಗಿಡಗಳೆಲ್ಲವನ್ನೂ, ಒಂದನ್ನೂ ಹಿಂದೆ ಇಟ್ಟುಕೊಳ್ಳದೆ, ನಲವತ್ತೆಂಟು ಪೆಟ್ಟಿಗೆಯಲ್ಲಿ ತುಂಬಿ ಸೋಮವಾರದ ವಿಮಾನಕ್ಕೆ ಕಳಿಸಿದ್ದೆವು. ಪೆಟ್ಟಿಗೆಯ ಕತ್ತಲಲ್ಲಿ ಮೊಗ್ಗು ಕಟ್ಟಿದ ಗಿಡ ಏಳು ದಿನ ತಡೆಯುತ್ತದೆ. ಎಂಟನೆಯ ದಿನ ಮೊಗ್ಗು ಹಳದಿಯಾಗಿ ಉದುರಲು ಶುರು. ಇದು ಹೋಬಿಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

"ಏನಾಯ್ತು?" ಎಂದೆ.

"ಕಾಗದದಲ್ಲಿ ಒಂದರಿಂದ ನಲವತ್ತೆಂಟು ಅಂತಿದೆ. ಪೆಟ್ಟಿಗೆ ಮೇಲೆ ಐವತ್ಮೂರರ ತನಕ ನಂಬರ್ ಇದೆ. ನಡುವೆ ಐದು ಪೆಟ್ಟಿಗೆ ಇಲ್ಲ. ಆ ಐದು ಎಲ್ಲಿ ಹೋಯ್ತು ಅಂತ ಗಿಡ ತಪಾಸಣೆಯೋರು ಕೇಳ್ತಿದಾರೆ."

"ಯಾವ ಐದು?" ಎಂದು ಕೇಳಿದೆ. ಕೇಳುವಾಗಲೇ ಉತ್ತರ ನನಗೆ ಗೊತ್ತಿತ್ತು.

"ನಾಲ್ಕು, ಹದಿನಾಲ್ಕು, ಇಪ್ಪತ್ನಾಲ್ಕು, ಮೂವತ್ನಾಲ್ಕು, ನಲವತ್ನಾಲ್ಕು."

ತರಗತಿಯನ್ನು ಅಷ್ಟಕ್ಕೇ ಬಿಟ್ಟು ಸ್ಕೂಟರ್ ಹತ್ತಿ ಪ್ಯಾಕಿಂಗ್ ಶೆಡ್ಡಿಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದೆ. ಹೊರದೇಶದ ಪೆಟ್ಟಿಗೆಗೆ ನಾಲ್ಕು ಬರೆಯಲೇಬೇಕು ಎಂದು ಇಪ್ಪತ್ತು ವರ್ಷದ ಹಿಂದೆಯೇ ಗೋಡೆಯ ಮೇಲೆ ಬರೆಸಿ ಹಾಕಿದ್ದೆ. ನಮ್ಮ ಮಾತಿನಲ್ಲಿ ನಾಲ್ಕು, ಸಾವು ಎರಡೂ ಒಂದೇ ಥರ ಕೇಳಿಸುತ್ತವೆ, ಅದು ಸಾವಿನ ಅಂಕಿ, ಸರಿ, ಊರೊಳಗಿನ ಪೆಟ್ಟಿಗೆಗೆ ಬೇಡ. ಹೊರಗೆ ಹೋಗುವುದಕ್ಕೆ ಮೂರಾದ ಮೇಲೆ ನಾಲ್ಕೇ. ಇಪ್ಪತ್ತು ವರ್ಷ ಎಲ್ಲರೂ ಹಾಗೇ ಬರೆದಿದ್ದರು. ಆ-ಕಿಮ್ ಅಕ್ಕನೂ ಹಾಗೇ ಬರೆದಿದ್ದಳು.

ಆ-ಕಿಮ್ ನಮ್ಮ ಶೆಡ್ಡಿನ ಮೇಸ್ತ್ರಿ. ಅರವತ್ಮೂರು ವರ್ಷ, ಅದರಲ್ಲಿ ಮೂವತ್ನಾಲ್ಕು ಅದೇ ಮೇಜಿನ ಮುಂದೆ. ಪೆಟ್ಟಿಗೆ ಮುಚ್ಚಿ ಟೇಪು ಅಂಟಿಸಿ, ದಪ್ಪ ಪೆನ್ನಿನಲ್ಲಿ ನಂಬರು ಬರೆದು, ಪಕ್ಕದಲ್ಲಿ ತನ್ನ ಹೆಸರಿನ ಕೆಂಪು ಮುದ್ರೆ ಒತ್ತಿದಳು ಎಂದರೆ ಆ ಪೆಟ್ಟಿಗೆಯನ್ನು ಇನ್ನೊಬ್ಬರು ನೋಡಬೇಕಾಗಿಲ್ಲ. ನಾನು ಇಪ್ಪತ್ತೆರಡು ವರ್ಷದವಳಾಗಿ ಈ ಕಂಪನಿಗೆ ಬಂದ ಹೊಸದರಲ್ಲಿ ಒಂದು ಲಾರಿ ಮಾವಿನಹಣ್ಣನ್ನು ತಪ್ಪು ಊರಿಗೆ ಕಳಿಸಿದ್ದೆ. ಹಣ್ಣು ಕೊಳೆತವು. ಆಗಿನ ಯಜಮಾನ ಕಿರುಚಾಡಿಕೊಂಡು ಬಂದಾಗ ಆ-ಕಿಮ್ ತಲೆಯೆತ್ತದೆ, "ಮುದ್ರೆ ತಪ್ಪು ಒತ್ತಿದ್ದು ನಾನು" ಅಂದುಬಿಟ್ಟಳು. ನನ್ನ ಕೆಲಸ ಉಳಿಯಿತು.

ನಾನು ಹೋದಾಗ ಅವಳು ಗಿಡಗಳ ಬುಡಕ್ಕೆ ಪಾಚಿ ತುಂಬುತ್ತಿದ್ದಳು.

"ಅಕ್ಕ, ತೂ ಅವರ ಪೆಟ್ಟಿಗೆ ಮೇಲೆ ನಾಲ್ಕು ಯಾಕೆ ಬರೀಲಿಲ್ಲ?"

ಅವಳು ಕೈ ಒರೆಸಿಕೊಂಡು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಮಂಗಳವಾರ ಅವನ ಹೆಂಡತಿಗೆ ಹೃದಯದ ಆಪರೇಷನ್ ಇತ್ತಲ್ಲೇ ಹುಡುಗಿ. ಸೋಮವಾರ ಆ ಮನೆ ಸಾಮಾನಿನ ಮೇಲೆ ಸಾವು ಅಂತ ಬರೆದು ಮುದ್ರೆ ಒತ್ಲಾ ನಾನು? ಯಾರ ಕೈಲಾದ್ರೂ ಆಗುತ್ತಾ?"

"ಅದು ಸಾವು ಅಲ್ಲ ಅಕ್ಕ, ಬರೀ ನಂಬರು. ಹೊರದೇಶಕ್ಕೆ ಹೋಗೋದು."

"ಆಸ್ಪತ್ರೇಲೇ ನಾಲ್ಕನೇ ಮಹಡಿ ಇಲ್ಲ. ಲಿಫ್ಟಲ್ಲಿ ಮೂರಾದ್ಮೇಲೆ ಐದು. ಅಷ್ಟು ಓದಿರೋ ಡಾಕ್ಟರುಗಳೇ ಹೆದರ್ತಾರೆ, ನಾನು ಯಾವ ಸೀಮೆಯೋಳು."

"ಹಾಗಾದ್ರೆ ನಲವತ್ತೊಂದು, ನಲವತ್ತೆರಡು ಯಾಕೆ ಬರೆದೆ? ಅದರಲ್ಲೂ ನಾಲ್ಕಿದೆಯಲ್ಲ."

"ಅಷ್ಟೆಲ್ಲ ಬಿಟ್ರೆ ಎಣಿಸೋದು ಹೇಗೆ? ಕೊನೇಲಿ ಬಂದ್ರೆ ಮಾತ್ರ ದೋಷ." ಇದು ಗೊತ್ತಿಲ್ಲದ ನಾನು ಮ್ಯಾನೇಜರ್ ಹೇಗಾದೆ ಎಂಬ ಮುಖ ಮಾಡಿದಳು. "ತೂ ಅಲ್ಲೇ ನಿಂತಿದ್ದ. ನಾನು ಮೂರು ಬರೆದು ಐದು ಬರೆಯೋದು ನೋಡ್ದ. ಒಂದು ಮಾತೂ ಆಡಲಿಲ್ಲ, ಬಾಗಿ ನಮಸ್ಕಾರ ಮಾಡ್ದ. ಅವನ ಕಣ್ಣು ತುಂಬಿತ್ತು. ಏನಾಯ್ತು ಈಗ? ಪೆಟ್ಟಿಗೆ ನಲವತ್ತೆಂಟು ಇದೆಯಲ್ಲ. ಎಣಿಸಿದ್ರೆ ಮುಗೀತು."

ಜೋಡಿಸಿಕೊಂಡು ಹೋಗಿದ್ದ ಬೈಗುಳ ಒಂದೂ ಹೊರಗೆ ಬರಲಿಲ್ಲ. ಎಣಿಸಿದರೆ ಮುಗಿಯುತ್ತದೆ ಎಂದು ನನಗೂ ಅನ್ನಿಸಿತು. "ಏನಿಲ್ಲ ಅಕ್ಕ, ಸುಮ್ನೆ ಕೇಳ್ದೆ" ಎಂದು ಹೇಳಿ ಬಂದುಬಿಟ್ಟೆ.

ಬಂದವಳೇ ಕಾಗದ ಬರೆದೆ. ಎಂಥ ಕಾಗದ ಅಂತೀರಿ. ನಮ್ಮ ಕಂಪನಿ ತಲೆಬಾಗಿ ಕ್ಷಮೆ ಯಾಚಿಸುತ್ತದೆ, ನಿಮಗಾದ ತೊಂದರೆಗೆ ನಾವೆಲ್ಲರೂ ನಾಚಿಕೆಪಡುತ್ತೇವೆ, ಪೆಟ್ಟಿಗೆಗಳು ನಲವತ್ತೆಂಟೇ, ನಂಬರು ಹಾಕುವುದರಲ್ಲಿ ನಮ್ಮ ಕಡೆಯ ಪದ್ಧತಿಯಿಂದ ಸ್ವಲ್ಪ ವ್ಯತ್ಯಾಸವಾಗಿದೆ, ಇನ್ನು ಮುಂದೆ ಎಲ್ಲರೂ ಎಚ್ಚರವಹಿಸುತ್ತೇವೆ. ಒಂದೂವರೆ ಪುಟ. ಓದಿದರೆ ಜಪಾನಿನವರೂ ಮೆಚ್ಚಿ ತಲೆದೂಗಬೇಕು. ಒಂದು ಗಂಟೆಯ ಹಿಂದೆ ಹನ್ನೊಂದು ಮಂದಿಗೆ ಏನು ಬೋಧಿಸಿದ್ದೆನೋ ಅದಕ್ಕೆ ಸರಿಯಾಗಿ ತಿರುಗುಮುರುಗು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಗುರುವಾರ ಮಧ್ಯಾಹ್ನ ಮೂರಕ್ಕೆ ಯೋರಿಸ್ ಮತ್ತೆ ಫೋನು ಮಾಡಿದ.

"ಕಾಗದ ವಾಪಸ್ ಕೊಟ್ರು. ಪೆಟ್ಟಿಗೆ ಎಣಿಸಿದಾರೆ, ನಲವತ್ತೆಂಟಿದೆ, ಅದು ಒಪ್ಪಿಕೊಂಡ್ರು. ಆದ್ರೆ ನಂಬರ್ ಬೇಕಂತಲೇ ಬಿಟ್ಟಿದಾರೆ, ಹಾಗಾದ್ರೆ ಯಾರು ಬಿಟ್ರು, ಯಾಕೆ ಬಿಟ್ರು, ಇನ್ಮೇಲೆ ಏನು ಮಾಡ್ತೀರಿ ಅಂತ ಕೇಳ್ತಿದಾರೆ. ಅಷ್ಟೇ ಬೀ. ಮೂರು ಸಾಲು. ನಿಮಗೆ ಗೊತ್ತಿರೋದೇ."

"ಗೊತ್ತು."

"ಇವತ್ತು ಹನ್ನೆರಡಕ್ಕೆ ಬಾಗಿಲು ಹಾಕ್ತಾರೆ. ನಾಳೆಯಿಂದ ಈಸ್ಟರ್ ರಜೆ, ಮತ್ತೆ ತೆಗೆಯೋದು ಮಂಗಳವಾರ. ನಿಮ್ಮ ಆರು ಗಂಟೆಯೊಳಗೆ ಕಳಿಸಿ. ನಾನು ಕೌಂಟರ್ ಮುಂದೇನೇ ನಿಂತಿರ್ತೀನಿ."

ಮೂರು ಗಂಟೆ ಸಮಯ, ಮೂರು ಸಾಲು. ಕಂಪ್ಯೂಟರ್ ಮುಂದೆ ಕೂತು ಬರೆದೆ. ನಂಬರು ಬಿಟ್ಟವರು ಹುಂಗ್ ಕಿಮ್-ಲಿಯೆನ್, ಪ್ಯಾಕಿಂಗ್ ಮೇಸ್ತ್ರಿ. ಆ-ಕಿಮ್ ಅಕ್ಕನ ಪೂರ್ತಿ ಹೆಸರು. ಬರೆದು ಅದನ್ನೇ ನೋಡುತ್ತಾ ಕೂತೆ. ಹೊರದೇಶದ ದೂರಿನಲ್ಲಿ ಹೆಸರು ಬಂದವರನ್ನು ಹೊರದೇಶದ ಮೇಜಿನಿಂದ ತೆಗೆಯಬೇಕು, ಮುದ್ರೆಯನ್ನು ವಾಪಸು ಪಡೆಯಬೇಕು. ಇದು ನಮ್ಮ ಕಂಪನಿಯ ನಿಯಮ, ಬರೆದವಳೂ ನಾನೇ. ಅವಳಿಗೆ ಉಳಿದಿದ್ದು ಇನ್ನು ಎರಡು ವರ್ಷ. ಮೂವತ್ನಾಲ್ಕು ವರ್ಷ ಒತ್ತಿದ ಮುದ್ರೆಯನ್ನು ನಾನು ಹೋಗಿ ಕೈ ಚಾಚಿ ಕೊಡು ಎನ್ನಬೇಕು. ಅದೂ ಒಂದು ಮನೆಯ ಹೆಂಗಸು ಬದುಕಲಿ ಎಂದು ಹಾರೈಸಿದ ತಪ್ಪಿಗೆ. ಹೆಸರನ್ನು ಅಳಿಸಿದೆ.

ಅದರ ಜಾಗದಲ್ಲಿ ನನ್ನ ಹೆಸರು ಬರೆದು ಯೋರಿಸ್‌ಗೆ ಫೋನು ಮಾಡಿದೆ. ಗಂಟೆ ನಾಲ್ಕೂ ಮುಕ್ಕಾಲು.

"ಬೀ, ಪೆಟ್ಟಿಗೆ ಮೇಲಿರೋ ಕೆಂಪು ಮುದ್ರೆ ನಿಮ್ಮದಾ?"

"ಅಲ್ಲ."

"ನಲವತ್ತೆಂಟರ ಮೇಲೂ ಅದೇ ಇದೆ. ಫೋಟೋ ತೆಗೆದು ಇಟ್ಕೊಂಡಿದಾರೆ. ಸುಳ್ಳು ಹೇಳಿದ್ರೆ ಇನ್ನು ಆರು ತಿಂಗಳು ನಿಮ್ಮ ಒಂದು ಗಿಡಾನೂ ಒಳಗೆ ಬರಲ್ಲ. ಆ ಮುದ್ರೆ ಯಾರದೋ ಅವರ ಹೆಸರು ಹಾಕಿ. ಇವರೇನು ಅವರನ್ನ ನೇಣಿಗೆ ಹಾಕ್ತಾರಾ? ಒಂದು ಹೆಸರು, ಫೈಲಲ್ಲಿ ಇರುತ್ತೆ, ಅಷ್ಟೇ."

"ನಿಮಗೆ ಅಷ್ಟೇ," ಎಂದೆ. ಸಿಟ್ಟು ಬಂದಿತ್ತು. ಅವನ ಮೇಲಲ್ಲ, ಆದರೆ ಸಿಕ್ಕವನು ಅವನು. "ನಿಮ್ಮಲ್ಲಿ ಒಬ್ಬರ ಹೆಸರು ಬರೆದುಕೊಟ್ಟು ಸಾಯಂಕಾಲ ಅವರ ಜೊತೇಲೇ ಬಿಯರ್ ಕುಡೀತೀರಿ. ನಮ್ಮಲ್ಲಿ ಹಾಗಲ್ಲ."

"ನಿಮ್ಮಲ್ಲಿ ಹೇಗೋ ನನಗೆ ಗೊತ್ತಿಲ್ಲ. ಗಿಡ ಇರೋದು ನಮ್ಮಲ್ಲಿ."

ಫೋನಿಟ್ಟೆ. ಐದೂವರೆಗೆ ಕೊನೆಗೂ ಕಾಗದ ಕಳಿಸಿದೆ. ನಂಬರು ಬಿಟ್ಟಿದ್ದು ನಮ್ಮ ಪ್ಯಾಕಿಂಗ್ ವಿಭಾಗ, ಜವಾಬ್ದಾರಿ ಇಡೀ ಕಂಪನಿಯದು, ಇನ್ನು ಮುಂದೆ ಇಬ್ಬರು ನೋಡುತ್ತಾರೆ. ಮೂರೇ ಸಾಲು ಬರೆದಿದ್ದೇನಲ್ಲ, ಒಪ್ಪಿದರೂ ಒಪ್ಪಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಆರಕ್ಕೆ ಹತ್ತು ನಿಮಿಷವಿರುವಾಗ ಫೋನು ಬಂತು. ಯೋರಿಸ್ ದನಿಯೆತ್ತಲಿಲ್ಲ, ಎತ್ತಿದ್ದರೆ ಚೆನ್ನಾಗಿತ್ತು. "ಇಡೀ ಕಂಪನಿ ಅಂದ್ರೆ ಯಾರೂ ಅಲ್ಲ ಅಂತ ಅರ್ಥ ಬೀ. ತಗೊಳ್ಳಲಿಲ್ಲ. ಬಾಗಿಲು ಹಾಕ್ಕೊಂಡು ಹೋದ್ರು."

ಆಮೇಲಿನ ನಾಲ್ಕು ದಿನದ ಬಗ್ಗೆ ಏನು ಹೇಳಲಿ. ನಮ್ಮಲ್ಲೂ ರಜೆ, ಸಮಾಧಿ ಗುಡಿಸುವ ಹಬ್ಬ. ಪೆಟ್ಟಿಗೆಯೊಳಗೆ ಒಂದು ಸಣ್ಣ ಯಂತ್ರ ಇಟ್ಟಿರುತ್ತೇವೆ, ಒಳಗೆಷ್ಟು ಚಳಿ ಎಂದು ಗಂಟೆಗೊಮ್ಮೆ ಅದು ನನ್ನ ಫೋನಿಗೆ ತಿಳಿಸುತ್ತದೆ. ಹದಿನಾರು ಡಿಗ್ರಿಗಿಂತ ಇಳಿಯಬಾರದು. ಶುಕ್ರವಾರ ಬೆಳಿಗ್ಗೆ ಹದಿನೈದು. ಯೋರಿಸ್‌ಗೆ ಮೆಸೇಜು ಕಳಿಸಿದೆ. ತಡೆ ಹಿಡಿದ ಸಾಮಾನಿರುವ ಕೋಣೆಗೆ ಬೀಗ, ತಾನೂ ಒಳಗೆ ಹೋಗುವ ಹಾಗಿಲ್ಲ ಎಂದು ಬರೆದ. ನಮ್ಮಣ್ಣ, ಅತ್ತಿಗೆ ಎಲ್ಲರೂ ಗುಡ್ಡದ ಮೇಲೆ ಅಪ್ಪನ ಸಮಾಧಿಯ ಸುತ್ತ ಹುಲ್ಲು ಕೀಳುತ್ತಿದ್ದರೆ ನಾನು ಒಂದು ಕೈಯಲ್ಲಿ ಊದುಬತ್ತಿ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದೆ. ಎಲ್ಲರೂ ಮನೆಮಂದಿಗೆ ಆರೋಗ್ಯ ಕೇಳಿಕೊಂಡರು. ನಾನು ಅಪ್ಪನ ಹತ್ತಿರ ಎರಡು ಡಿಗ್ರಿ ಶಾಖ ಕೇಳಿಕೊಂಡೆ. ಶನಿವಾರ ಹನ್ನೆರಡಕ್ಕೆ ಇಳಿಯಿತು.

"ಯಾರ ಫೋನಿಗೆ ಕಾಯ್ತಿದೀಯ? ಈ ವಯಸ್ಸಲ್ಲಿ ಯಾರನ್ನಾದ್ರೂ ಹುಡುಕ್ಕೊಂಡ್ಯಾ?" ಎಂದು ಅತ್ತಿಗೆ ಚುಡಾಯಿಸಿದಳು.

ಭಾನುವಾರ ಆಸ್ಪತ್ರೆಗೆ ಹೋದೆ. ಲಿಫ್ಟಿನಲ್ಲಿ ಮೂರಾದ ಮೇಲೆ ಐದೇ ಇತ್ತು. ತೂ ಅವರು ವಾರ್ಡಿನ ಹೊರಗೆ ಬೆಂಚಿನ ಮೇಲೆ ಡಬ್ಬಿಯಿಂದ ಗಂಜಿ ಕುಡಿಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಬುಧವಾರವೇ ಫೋನಿನಲ್ಲಿ ವಿಷಯ ತಿಳಿಸಿದ್ದೆ, ದಿನವೂ ತಿಳಿಸುತ್ತಿದ್ದೆ. ಅವರು ದಿನವೂ "ಪರವಾಗಿಲ್ಲ ಮೇಡಂ, ನಿಮಗೆ ತೊಂದರೆ ಆಯ್ತು" ಎನ್ನುತ್ತಿದ್ದರು. ಒಂದು ಸಲ ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನಿನ್ನೆ ಎದ್ದು ಕೂತ್ಳು," ಎಂದರು. "ಇನ್ನು ಭಯ ಇಲ್ಲ ಅಂದ್ರು ಡಾಕ್ಟರು."

ಒಳಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಬಾವ್-ಯೂ ದಿಂಬಿಗೆ ಒರಗಿ ಕೂತಿದ್ದಳು. ಆ ಹೂವಿನ ಮೊದಲನೆಯ ಸಸಿಯಿಂದ ಎಲ್ಲಕ್ಕೂ ನೀರು ಹಾಕಿದವಳು ಅವಳೇ. ನನ್ನ ಕೈ ಹಿಡಿದುಕೊಂಡು ಸಣ್ಣ ದನಿಯಲ್ಲಿ ಕೇಳಿದಳು, "ಅಲ್ಲಿ ಬೆಳಕಿಗೆ ಇಟ್ರಾ ಅವನ್ನ?"

ನಾನು ಬಾಯಿ ತೆರೆಯುವ ಮೊದಲೇ ತೂ ಅವರು, "ಇಟ್ಟಿದಾರೆ ಕಣೇ, ಮೇಡಂ ಎಲ್ಲ ನೋಡ್ಕೊಂಡಿದಾರೆ," ಎಂದರು. ನನ್ನ ಮುಖ ನೋಡಲಿಲ್ಲ. ಆಗ ಪೆಟ್ಟಿಗೆಯೊಳಗೆ ಒಂಬತ್ತು ಡಿಗ್ರಿ ಇತ್ತು.

ಹೊರಗೆ ಬಂದಾಗ ನಾನು ಕೇಳಿಯೇಬಿಟ್ಟೆ. "ತೂ ಅಣ್ಣ, ಆ-ಕಿಮ್ ನಾಲ್ಕು ಬಿಡೋದನ್ನ ನೀವು ನೋಡಿದ್ರಂತೆ. ಹೊರದೇಶಕ್ಕೆ ಹಾಗೆ ಬಿಡಬಾರ್ದು ಅಂತ ನಿಮಗೆ ಗೊತ್ತಿತ್ತಲ್ಲ."

"ಗೊತ್ತಿತ್ತು." ಅವರು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ನಿಂತರು. "ಹೇಳೋಣ ಅಂತ ಬಾಯಿಗೆ ಬಂತು. ಆದ್ರೆ ಹೇಗೆ ಹೇಳ್ಲಿ ಮೇಡಂ? ನನ್ನ ಹೂವಿನ ಮೇಲೆ ನಾಲ್ಕು ಬರಿ ಅಂತ ನಾನೇ ಬಾಯಿಬಿಟ್ಟು ಹೇಳಿ, ಮಾರನೇ ದಿನ ಅವಳಿಗೆ ಏನಾದ್ರೂ ಆಗಿದ್ರೆ?"

ಅವರನ್ನು ಬೈಯಲೇ, ಆ-ಕಿಮ್‌ಳನ್ನು ಬೈಯಲೇ, ಹಬ್ಬಕ್ಕೆ ಬಾಗಿಲು ಹಾಕಿಕೊಂಡು ಹೋದವರನ್ನು ಬೈಯಲೇ. ಎಲ್ಲರೂ ಸರಿಯಾಗಿಯೇ ಇದ್ದರು. ಕೈ ಕಾಲು ಕಟ್ಟಿ ಹಾಕಿದ ಹಾಗಿತ್ತು ನನಗೆ. ಮನೆಗೆ ಬಂದು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಂಗಳವಾರ ಮೂರು ಗಂಟೆಗೆ, ಅಲ್ಲಿ ಅವರು ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ, ಹೆಸರು ಕಳಿಸಿದೆ. ಹುಂಗ್ ಕಿಮ್-ಲಿಯೆನ್, ಪ್ಯಾಕಿಂಗ್ ಮೇಸ್ತ್ರಿ. ಸ್ಥಳೀಯ ನಂಬಿಕೆಯಿಂದಾಗಿ ಐದು ಅಂಕಿಗಳನ್ನು ಬಿಟ್ಟಿದ್ದಾರೆ. ಇಂದಿನಿಂದ ಇವರನ್ನು ಹೊರದೇಶದ ಪ್ಯಾಕಿಂಗಿನಿಂದ ತೆಗೆಯಲಾಗಿದೆ. ನಾಲ್ಕು ಗಂಟೆಗೆ ಉತ್ತರ ಬಂತು. ವಿವರಣೆ ತೃಪ್ತಿಕರವಾಗಿದೆ, ಸಾಮಾನನ್ನು ಬಿಡುಗಡೆ ಮಾಡಲಾಗಿದೆ. ಒಂದೇ ಒಂದು ಗಂಟೆ.

ಐದಕ್ಕೆ ಯೋರಿಸ್ ಫೋಟೋ ಕಳಿಸಿದ. ಅವನು ಏನೂ ಬರೆದಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಮೊಗ್ಗುಗಳು ಹುರಿದ ಕಡಲೆಬೀಜದ ಹಾಗೆ ರಾಶಿಯಾಗಿ ಉದುರಿದ್ದವು. ಎಲೆಗಳ ಮೇಲೆ ಚಳಿ ಹೊಡೆದ ಕಪ್ಪು ಕಲೆ. ಒಂದು ಪೆಟ್ಟಿಗೆ, ಇನ್ನೊಂದು, ಮತ್ತೊಂದು. ಹದಿನೇಳನೆಯ ಫೋಟೋದ ನಂತರ ನಾನು ನೋಡುವುದನ್ನು ನಿಲ್ಲಿಸಿದೆ. ವ್ಯಾಪಾರಿ ಬುಧವಾರ ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ದೇಶದ ಹಳದಿಯನ್ನು ಆರಿಸಿಕೊಂಡ. ಇನ್ನು ಬೇರೆ ಹಳದಿಗೆ ಅವನ ಪಟ್ಟಿಯಲ್ಲಿ ಎಷ್ಟೋ ವರ್ಷ ಜಾಗವಿರುವುದಿಲ್ಲ.

ತೂ ಅವರಿಗೆ ನಾನೇ ಫೋನು ಮಾಡಿ ಹೇಳಿದೆ. "ತಾಯಿ ಗಿಡ ಮನೇಲಿದೆ ಮೇಡಂ," ಎಂದರು. ಆಮೇಲೆ, "ಅವಳಿಗೆ ಈಗಲೇ ಹೇಳಲ್ಲ," ಎಂದು ಫೋನಿಟ್ಟರು.

ಇನ್ನು ಉಳಿದಿದ್ದು ಶೆಡ್ಡಿಗೆ ಹೋಗುವ ಕೆಲಸ. ಬುಧವಾರ ಸಂಜೆಯಾಗುವವರೆಗೆ ಏನೇನೋ ನೆಪ ಹುಡುಕಿದೆ. ಕೊನೆಗೆ ಐದು ಗಂಟೆಗೆ ಹೋದೆ. ಉಳಿದವರು ಹೊರಟಿದ್ದರು. ಆ-ಕಿಮ್ ಮೇಜು ಒರೆಸುತ್ತಿದ್ದಳು. ಅವಳಿಗೆ ಇದುವರೆಗೆ ಯಾರೂ ಏನೂ ಹೇಳಿರಲಿಲ್ಲ, ನಾನು ಹೇಳಲು ಬಿಟ್ಟಿರಲಿಲ್ಲ. ನಾಳೆಯಿಂದ ಊರೊಳಗಿನ ಮಾರುಕಟ್ಟೆಗೆ ಹೋಗುವ ಹೂವಿನ ಮೇಜಿಗೆ ಬರಬೇಕು ಎಂದು ಅವಳಿಗೆ ಹೇಳಿದೆ. ಯಾಕೆ ಎಂದು ಕೇಳಿದಳು. ಹಾಲೆಂಡಿನವರು ಪೆಟ್ಟಿಗೆ ತಡೆದದ್ದು, ಹೆಸರು ಕೇಳಿದ್ದು, ಹೆಸರು ಕೊಟ್ಟದ್ದು, ಎಲ್ಲವನ್ನೂ ನೆಲ ನೋಡಿಕೊಂಡು ಹೇಳಿದೆ.

ಅವಳು ಜೇಬಿನಿಂದ ಮುದ್ರೆ ತೆಗೆದು, ತುದಿಯಲ್ಲಿದ್ದ ಕೆಂಪು ಮಸಿಯನ್ನು ಬಟ್ಟೆಯಿಂದ ಒರೆಸಿ, ನನ್ನ ಕೈಯಲ್ಲಿಟ್ಟಳು. ನಾನು ಕೇಳುವುದಕ್ಕೂ ಕಾಯಲಿಲ್ಲ.

"ಅಲ್ಲಿನೋರಿಗೆ ನಮ್ಮ ಅಕ್ಷರ ಓದೋಕೆ ಬರಲ್ವಲ್ಲ. ನನ್ನ ಹೆಸರು ಹೇಗೆ ಬರೆದೆ?"

"ಇಂಗ್ಲಿಷ್ ಅಕ್ಷರದಲ್ಲಿ."

"ನನ್ನ ಹತ್ರ ಪಾಸ್‌ಪೋರ್ಟ್ ಇಲ್ಲ. ಹೇಗೆ ಬರೀಬೇಕು ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಬಾಯಿಗೆ ಬಂದ ಹಾಗೆ ಬರೆದೆ ಅಕ್ಕ."

ಅವಳು ನಕ್ಕಳು, ನಿಜವಾಗಿಯೂ ನಕ್ಕಳು. "ನೋಡು, ನಾನು ನಮ್ಮ ದೇಶದ ಆ ತುದೀಲಿರೋ ಕೀಲುಂಗ್ ಕೂಡ ನೋಡಿಲ್ಲ, ನನ್ನ ಹೆಸರು ಹಾಲೆಂಡ್ ನೋಡ್ಕೊಂಡು ಬಂತು. ಕೊಟ್ಟ ಮೇಲೆ ಎಷ್ಟು ಹೊತ್ತಿಗೆ ಬಿಟ್ರು ಪೆಟ್ಟಿಗೆ?"

"ಒಂದು ಗಂಟೇಲಿ."

"ಒಂದು ಗಂಟೇಲಾ?" ಅವಳಿಗೆ ಸಂತೋಷವಾಯಿತು, ಅದನ್ನು ಮುಚ್ಚಿಡಲಿಲ್ಲ. "ಹಾಗಾದ್ರೆ ಹೂವು ಉಳೀತಲ್ಲ ಬಿಡು. ಮುದ್ರೆ ಹೋದ್ರೆ ಹೋಯ್ತು. ನನಗೂ ವಯಸ್ಸಾಯ್ತು."

"ಇಲ್ಲ ಅಕ್ಕ," ಎಂದೆ. "ಉಳೀಲಿಲ್ಲ. ಒಂದೂ ಉಳೀಲಿಲ್ಲ. ಹೆಸರು ಕೇಳಿದ್ದು ಹೋದ ಗುರುವಾರ. ನಾನು ಕೊಟ್ಟಿದ್ದು ನಿನ್ನೆ."

ಅವಳ ಕೈಯಲ್ಲಿದ್ದ ಬಟ್ಟೆ ಮೇಜಿನ ಮೇಲೆ ನಿಂತಿತು. ತುಂಬ ಹೊತ್ತು ನನ್ನನ್ನೇ ನೋಡಿದಳು, ಲೆಕ್ಕ ತಪ್ಪಿದ ಪೆಟ್ಟಿಗೆಯನ್ನು ಮತ್ತೆ ಮತ್ತೆ ಎಣಿಸುವವಳ ಹಾಗೆ.

"ಗುರುವಾರ ನಾನು ಇಲ್ಲೇ ಇದ್ದೆನಲ್ಲ," ಎಂದಳು. "ಇಡೀ ದಿನ ಇಲ್ಲೇ ಇದ್ದೆ. ಸ್ಕೂಟರಲ್ಲಿ ಹತ್ತು ನಿಮಿಷ. ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ನಿಸಲಿಲ್ವೇನೇ ನಿನಗೆ?"

ಹತ್ತು ದೇಶದವರ ಹತ್ತಿರ ಹೇಗೆ ಕೇಳಬೇಕು ಎಂದು ಬಲ್ಲವಳು ನಾನು. ಅವಳು ಉತ್ತರಕ್ಕಾಗಿ ಕಾಯುತ್ತಿದ್ದಳು. "ಅನ್ನಿಸಲಿಲ್ಲ ಅಕ್ಕ," ಎಂದೆ, ಮುದ್ರೆಯನ್ನು ಕೈಯಲ್ಲಿ ಹಿಡಿದುಕೊಂಡೇ.